ಹಗ್ಗ ಯಾರ ಕೊರಳಿಗೆ? ಜೀತ, ಗುತ್ತಿಗೆ, ಖಾಯಂ

ಹೋದ ಸುಗ್ಗಿಯಲ್ಲಿ ನಮ್ಮೂರಿನ ದೊಡ್ಡ ಜಮೀನಿನವರೊಬ್ಬರು ಕೇರಿಯ ಹುಡುಗನೊಬ್ಬನನ್ನು ಕರೆಸಿದರು. 'ತೋಟದಲ್ಲೇ ಮನೆ ಕೊಡ್ತೀನಿ, ವರ್ಷಪೂರ್ತಿ ಕೆಲಸ, ತಿಂಗಳು ತಿಂಗಳು ಸಂಬಳ, ಖಾಯಂ ಆಗಿ ಇದ್ಬುಡು' ಅಂದರು. ಹುಡುಗ 'ಬ್ಯಾಡಿ' ಅಂದ. 'ಬ್ಯಾಡಿ ಬುದ್ಧಿ' ಅನ್ನಲಿಲ್ಲ, ಬರೀ 'ಬ್ಯಾಡಿ' ಅಂದ. ಅವನಿಗೆ ಬೆಂಗಳೂರಿನ ಹೊರಗಡೆ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಹನ್ನೊಂದು ತಿಂಗಳಿಗೊಂದು ಸಲ ಕಾಗದ ಬದಲಾಗುತ್ತದೆ. 'ನಾಳೆ ಬರಬೇಡ' ಅಂದರೆ ನಾಳೆಯಿಂದ ಕೆಲಸವಿಲ್ಲ. ಜಮೀನಿನವರು ಅರಳಿಕಟ್ಟೆಯ ಮೇಲೆ ಕೂತು, 'ಈ ಜನಕ್ಕೆ ಖಾಯಂ ಅನ್ನ ಒಗ್ಗಲ್ಲ' ಎಂದು ತೀರ್ಪು ಕೊಟ್ಟರು.

ಪೇಟೆಯಲ್ಲಿ ಓದಿದವರು ಇದೇ ಮಾತನ್ನು ಇಸ್ತ್ರಿ ಮಾಡಿ ಹೇಳುತ್ತಾರೆ: 'ಈಗಿನವರಿಗೆ ಸ್ವಾತಂತ್ರ್ಯ ಬೇಕು, ಗುತ್ತಿಗೆ ಅವರೇ ಆರಿಸಿಕೊಂಡದ್ದು.' ಹೀಗೆ ಹೇಳುವವರಲ್ಲಿ ಹೆಚ್ಚಿನವರಿಗೆ ತಿಂಗಳ ಕೊನೆಗೆ ಸಂಬಳ ತಪ್ಪುವುದಿಲ್ಲ.

ಈ ಎರಡು ಮಾತನ್ನೂ ನಾವು ನಮ್ಮಜ್ಜಿಯ ಮುಂದೆ ಇಟ್ಟೆವು. ಅಜ್ಜಿ ಎಲೆ ಅಡಿಕೆ ಪಕ್ಕಕ್ಕೆ ಉಗಿದು ಹೇಳಿದಳು: 'ನಿಮ್ ತಾತನ್ದೂ ಖಾಯಮ್ಮೇ ಇತ್ತು ಕಣೋ. ಹನ್ನೊಂದು ವರ್ಷ. ಕೂಲಿ ಅಂದ್ರೆ ಹೊತ್ತು ಮುಳುಗುದ್ ಮ್ಯಾಲೆ ನಮ್ ಮೈ ನಮ್ದು. ಜೀತ್ದಲ್ಲಿ ಹೊತ್ತೇ ಮುಳುಗಲ್ಲ.'

ಈ ಲೇಖನ ಅಜ್ಜಿಯ ಆ ಮಾತಿನ ಚರಿತ್ರೆ. ನಮ್ಮ ಜನ ಯಾಕೆ ಖಾಯಂ ಬಿಟ್ಟು ಗುತ್ತಿಗೆಗೆ ಹೋಗುತ್ತಾರೆ ಎಂದು ಕೇಳುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಬೇಕು: ಖಾಯಂ ಅಂದರೆ ಯಾರು ಯಾರಿಗೆ ಖಾಯಂ?

1

ನಮ್ಮ ನಾಡಿನಲ್ಲಿ ಅತ್ಯಂತ ಭದ್ರವಾದ ಖಾಯಂ ನೌಕರಿ ಯಾವುದಾಗಿತ್ತು? ಕಲೆಕ್ಟರದ್ದಲ್ಲ. ತೋಟಿಯದು. ಅರ್ಜಿ ಇಲ್ಲ, ಪರೀಕ್ಷೆ ಇಲ್ಲ, ನಿವೃತ್ತಿಯೂ ಇಲ್ಲ. ತಾಯಿ ಹೊಟ್ಟೆಯಲ್ಲೇ ನೇಮಕ. ಊರಲ್ಲಿ ಸತ್ತರೆ ಪಕ್ಕದೂರಿಗೆ ಸುದ್ದಿ ಮುಟ್ಟಿಸೋದು, ತಮಟೆ ಹೊಡೆದು ಸಾರೋದು, ಸತ್ತ ದನ ಎಳೆಯೋದು, ಕಂದಾಯದ ಸಾಹೇಬರು ಬಂದರೆ ಗಂಟು ಹೊತ್ತು ಹಿಂದೆ ನಡೆಯೋದು. ಇದಕ್ಕೆ ಪ್ರತಿಯಾಗಿ ಒಂದು ತುಂಡು ಇನಾಮು ಜಮೀನು, ಕಣದಲ್ಲಿ ಒಂದಿಷ್ಟು ಕಾಳು. ಆ ನೆಲವೇ ಗೂಟ. ನೆಲ ಬೇಕು ಅಂದರೆ ಚಾಕರಿ ಬಿಡುವಂತಿಲ್ಲ. ಚಾಕರಿ ಬಿಟ್ಟರೆ ನೆಲವೂ ಇಲ್ಲ, ಊರೂ ಇಲ್ಲ.

ಬೆಳಗಾವಿ, ಧಾರವಾಡ, ಬಿಜಾಪುರ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವು. ಅಲ್ಲಿ ಇಂಥ ವಂಶಪಾರಂಪರ್ಯ ಚಾಕರಿಗೆ ವತನ ಎನ್ನುತ್ತಿದ್ದರು. ಅದನ್ನು ಕಾಯಲು 1874ರ ಕಾನೂನೇ ಇತ್ತು. 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಬಾಬಾಸಾಹೇಬ ಅಂಬೇಡ್ಕರ್ ಒಂದು ಮಸೂದೆ ಮಂಡಿಸಿದರು. ಅದರ ಸಾರ ಇಷ್ಟು: ವತನದ ನೆಲಕ್ಕೆ ಕಂದಾಯ ಕಟ್ಟಿ ಚಾಕರಿಯಿಂದ ಬಿಡುಗಡೆ ಪಡೆಯಲು ಮಹಾರರಿಗೆ ದಾರಿ ಇರಬೇಕು, ಚಾಕರಿ ಮಾಡುವವರಿಗೆ ಗೊತ್ತಾದ ಸಂಬಳ ಸಿಗಬೇಕು. ಮಸೂದೆ ಗೆಲ್ಲಲಿಲ್ಲ, 1929ರಲ್ಲಿ ಅವರು ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಆದರೆ ಗಮನಿಸಿ ಗೆಳೆಯರೇ, ಬಾಬಾಸಾಹೇಬರು ತಮ್ಮ ಜನಕ್ಕಾಗಿ ಶಾಸನಸಭೆಯಲ್ಲಿ ಹೂಡಿದ ಮೊದಮೊದಲ ಹೋರಾಟಗಳಲ್ಲಿ ಒಂದು, ಖಾಯಂ ಚಾಕರಿಯನ್ನು ಬಿಡುವ ಹಕ್ಕಿಗಾಗಿ ನಡೆದದ್ದು. 'ಖಾಯಂ ಅನ್ನ ಬಿಟ್ಟು ಕೂಲಿಗೆ ಓಡ್ತಾರೆ' ಎಂದು ಅವತ್ತಿನ ಪಾಟೀಲರೂ ಬೈದಿರಲಿಕ್ಕೆ ಸಾಕು.

ನಮ್ಮ ರಾಜ್ಯದಲ್ಲಿ ಗ್ರಾಮ ಚಾಕರಿಗಳನ್ನು ರದ್ದು ಮಾಡುವ ಕಾನೂನು 1961ರಲ್ಲಿ ಆಯಿತು, 1963ರಲ್ಲಿ ಜಾರಿಗೆ ಬಂತು. ಕಾಗದದ ಮೇಲೆ ತೋಟಿಯ ಖಾಯಂ ಹೋಯಿತು. ಆದರೆ ತಮಟೆ ನಮ್ಮ ಕೊರಳಲ್ಲೇ ಉಳಿಯಿತು.

ಇನ್ನು ಜೀತ. ಮದುವೆಗೋ ಕಾಯಿಲೆಗೋ ತೆಗೆದ ಸಾಲಕ್ಕೆ ಮೈ ಅಡವು. ಬಡ್ಡಿ ಬೆಳೆಯುತ್ತದೆ, ಮೈ ಸವೆಯುತ್ತದೆ, ಅಪ್ಪ ಸತ್ತರೆ ಮಗ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂತು, 1976ರ ಫೆಬ್ರವರಿಯಲ್ಲಿ ಅದು ಕಾಯಿದೆಯಾಯಿತು. ಜೀತದ ಸಾಲವೆಲ್ಲ ಮನ್ನಾ ಎಂದಿತು. ನಮ್ಮ ತಾತ ಕೊಟ್ಟಿಗೆಯಿಂದ ಹೊರಗೆ ಬಂದದ್ದು ಆ ವರ್ಷ. ಮಾರನೆ ದಿನ ಏನು ಮಾಡಿದ ಅಂತ ಅಜ್ಜಿಯನ್ನು ಕೇಳಿದೆವು. 'ಇನ್ನೇನ್ ಮಾಡ್ತಾನೆ, ಕೂಲಿಗೋದ. ಆದ್ರೆ ಯಾರ್ ಹೊಲಕ್ಕೆ ಅಂತ ಅವ್ನೇ ಹೇಳ್ದ.'

ಯಾರ ಹೊಲಕ್ಕೆ ಅಂತ ತಾನೇ ಹೇಳುವುದು. ನಮ್ಮ ಜನಕ್ಕೆ ಸಿಕ್ಕಿದ ಮೊದಲ ಸ್ವಾತಂತ್ರ್ಯದ ಅಳತೆ ಇಷ್ಟೇ. ಇದನ್ನು ಸಣ್ಣದು ಅನ್ನಬೇಡಿ.

2

ಗುತ್ತಿಗೆ ಅನ್ನೋ ಮಾತಿಗೆ ನಮ್ಮ ಕೇರಿಯಲ್ಲಿ ಮರ್ಯಾದೆಯ ಅರ್ಥವೂ ಇದೆ. ನಾಟಿ ಕಾಲದಲ್ಲಿ ಹತ್ತು ಹನ್ನೆರಡು ಹೆಂಗಸರು ಸೇರಿ 'ಎಕರೆಗೆ ಇಷ್ಟು' ಅಂತ ಮಾತಾಡಿ ಗದ್ದೆ ಹಿಡೀತಾರೆ. ಬೆಳಗ್ಗೆ ಬೇಗ ಇಳಿದು ಬೇಗ ಮುಗಿಸಿದರೆ ಉಳಿದ ಹೊತ್ತು ಅವರದು. ಬದುವಿನ ಮೇಲೆ ನಿಂತು 'ಬೇಗ ಬೇಗ' ಅನ್ನೋ ದನಿಯಿಲ್ಲ. ಬಂದ ದುಡ್ಡು ಸಮ ಪಾಲು. ಇದು ನಾವು ಹಿಡಿದ ಗುತ್ತಿಗೆ. ದಿನಗೂಲಿಗಿಂತ ಇದೇ ವಾಸಿ ಅಂತ ನಮ್ಮವ್ವ ಇವತ್ತಿಗೂ ಹೇಳ್ತಾಳೆ. ಟೈಲ್ಸ್ ಹಾಕುವವರು, ಬಣ್ಣ ಹೊಡೆಯುವವರು, ಸೆಂಟ್ರಿಂಗ್ ಕಟ್ಟುವವರು ಕೂಡ ಹೀಗೇ ಕೆಲಸ ಹಿಡಿದು ಒಬ್ಬ ಮಾಲೀಕನ ಕೈಕೆಳಗೆ ಇರೋದಕ್ಕಿಂತ ಹೆಚ್ಚು ದುಡಿಯುವುದುಂಟು. ಕೈಯಲ್ಲಿ ಕಸುಬಿದ್ದು, ದರ ಹೇಳುವ ಬಾಯಿ ಇದ್ದರೆ ಗುತ್ತಿಗೆ ನಿಜವಾಗಿ ಆಯ್ಕೆಯೇ.

ಆದರೆ ಇನ್ನೊಂದು ಗುತ್ತಿಗೆ ಇದೆ. ಅದರಲ್ಲಿ ಮಾತಾಡಿಕೊಳ್ಳುವವರು ಇಬ್ಬರು, ಮಾಲೀಕ ಮತ್ತು ಗುತ್ತಿಗೆದಾರ. ದುಡಿಯುವವನು ಆ ಮಾತಿನಲ್ಲಿ ಇಲ್ಲ. ಲೆಕ್ಕದಲ್ಲಿ ಇದ್ದಾನೆ, 'ತಲೆ ಇಷ್ಟು' ಅಂತ. ಇಲ್ಲಿ ನಾವು ಗುತ್ತಿಗೆ ಹಿಡಿಯುವುದಿಲ್ಲ. ಗುತ್ತಿಗೆ ನಮ್ಮನ್ನು ಹಿಡಿಯುತ್ತದೆ. ಎರಡಕ್ಕೂ ಒಂದೇ ಹೆಸರಿರುವುದು ಮಾಲೀಕರಿಗೆ ಬಹಳ ಅನುಕೂಲವಾಗಿದೆ.

ಈ ಎರಡನೆಯ ಗುತ್ತಿಗೆ ನಮ್ಮ ಬಾಗಿಲಿಗೆ ಬಂದದ್ದು ಹೇಗೆ? ಎರಡು ಇಸವಿ ನೆನಪಿಡಿ. 1843ರಲ್ಲಿ ಕಂಪನಿ ಸರ್ಕಾರ ಒಂದು ಕಾನೂನು ಮಾಡಿತು. ಗುಲಾಮರ ಮೇಲಿನ ಒಡೆತನಕ್ಕೆ ಕೋರ್ಟುಗಳಲ್ಲಿ ಮಾನ್ಯತೆ ಇಲ್ಲವೆಂದಿತು. ಹದಿನಾರೇ ವರ್ಷ ಕಳೆದು, 1859ರಲ್ಲಿ, 'ಕರಾರು ಮುರಿದ ಕೆಲಸಗಾರರ' ಮೇಲೆ ಇನ್ನೊಂದು ಕಾನೂನು ಬಂತು. ಮುಂಗಡ ತೆಗೆದುಕೊಂಡ ಆಳು ಕೆಲಸ ಬಿಟ್ಟು ಹೋದರೆ ಮಾಲೀಕ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಎಳೆಯಬಹುದು. ಹಣ ಹಿಂದಿರುಗಿಸು, ಇಲ್ಲ ಕೆಲಸಕ್ಕೆ ನಡೆ. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಕರಾರು ಮುರಿದ ಮಾಲೀಕನಿಗೆ ಆ ಕಾನೂನಿನಲ್ಲಿ ಜೈಲಿಲ್ಲ. ಒಂದು ಕಡೆ ಗುಲಾಮ ಸತ್ತ, ಇನ್ನೊಂದು ಕಡೆ ಹೆಬ್ಬೆಟ್ಟು ಒತ್ತಿದ ಕೂಲಿ ಹುಟ್ಟಿದ.

1850ರ ದಶಕದಿಂದ ಕೊಡಗಿನಲ್ಲಿ ಬಿಳಿಯರ ಕಾಫಿ ತೋಟಗಳು ಎದ್ದವು. ತೋಟಕ್ಕೆ ಕೈ ಬೇಕು. ಮೇಸ್ತ್ರಿ ಬಯಲುಸೀಮೆಯ ಹಟ್ಟಿಗೆ ಬಂದ, ಮುಂಗಡ ಎಣಿಸಿದ. ನಮ್ಮ ಜನ ಹೋದರು. ಯಾಕೆ ಹೋದರು? ಮುಂಗಡ ಕಣ್ಣಿಗೆ ಕಾಣುವ ದುಡ್ಡು. ಊರಲ್ಲಿ ಸಿಗುತ್ತಿದ್ದದ್ದು ಕಾಳು, ಹಳೇ ಬಟ್ಟೆ, ಬೈಗುಳ. ತೋಟದ ಕೆಲಸಕ್ಕೆ ಒಂದು ಕೊನೆಯಿತ್ತು. ಊರ ಚಾಕರಿಗೆ ಇರಲಿಲ್ಲ. ಘಟ್ಟದ ಮಳೆ, ಜ್ವರ, ಜಿಗಣೆ ಎಲ್ಲ ಗೊತ್ತಿದ್ದೂ ಹೋದರು. ಹೋದ ಮೇಲೆ ಮೇಸ್ತ್ರಿಯ ಸಾಲ, ಸಾಲದ ಹಿಂದೆ 1859ರ ಕಾನೂನು. ಊರಿನ ಹಗ್ಗ ಬಿಚ್ಚಿಕೊಂಡು ಹೋದವರು ತೋಟದ ಹಗ್ಗಕ್ಕೆ ಕೊರಳು ಕೊಟ್ಟರು. ಆ ಕಾನೂನು ರದ್ದಾಗುವ ಹೊತ್ತಿಗೆ 1925 ಬಂದಿತ್ತು.

ಆದ್ದರಿಂದ 'ಆಯ್ಕೆ' ಅನ್ನೋ ಮಾತನ್ನು ನಾವು ಪೂರ್ತಿ ಸುಳ್ಳು ಅನ್ನುವುದಿಲ್ಲ. ಅವರು ಆರಿಸಿಕೊಂಡರು. ಆದರೆ ಅವರ ಮುಂದಿದ್ದದ್ದು ಎರಡು ಹಗ್ಗ. ಹೊಸ ಹಗ್ಗ ಸ್ವಲ್ಪ ಉದ್ದ ಇತ್ತು.

3

ಕೋಲಾರದ ಚಿನ್ನದ ಗಣಿಯ ಕಥೆ ಇದಕ್ಕಿಂತ ದೊಡ್ಡದು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿಗೆ ಬಂತು. ಗುತ್ತಿಗೆದಾರರು ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯ ಚೇರಿಗಳಿಂದ ಆಳುಗಳನ್ನು ತಂದರು. ಹೆಚ್ಚಿನವರು ತಮಿಳಿನ ಆದಿದ್ರಾವಿಡರು, ನಮ್ಮ ಬೇರೆ ಭಾಷೆಯ ಅಣ್ಣತಮ್ಮಂದಿರು. ಹಳ್ಳಿಯಲ್ಲಿ ಜಮೀನ್ದಾರನ ಪಣ್ಣೆಯಾಳಾಗಿ, ತಲೆಮಾರುಗಟ್ಟಲೆ ಖಾಯಂ ಆಗಿ ಇದ್ದವರು ಅವರಲ್ಲಿದ್ದರು. ಅದನ್ನು ಬಿಟ್ಟು ಭೂಮಿಯೊಳಗೆ ಸಾವಿರಾರು ಅಡಿ ಇಳಿದರು. ಬಂಡೆ ಸಿಡಿದು ಸಾಯಬಹುದು, ಧೂಳು ಕುಡಿದು ಎದೆ ಕಲ್ಲಾಗಬಹುದು. ಆದರೂ ಇಳಿದರು. ಮೇಲಿನ ಲೋಕ ಹೇಗಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

1930ರಲ್ಲಿ ಗಣಿ ಕಾರ್ಮಿಕರೆಲ್ಲ ಬೆರಳಚ್ಚು ಕೊಡಬೇಕು ಎಂಬ ನಿಯಮ ಬಂತು. ಸಾವಿರಾರು ಜನ ಕೆಲಸ ನಿಲ್ಲಿಸಿದರು. ಬೆರಳಚ್ಚು ಕೊಡೋರು ಕಳ್ಳರು, ನಾವೇನು ಕಳ್ಳರೇ ಎಂಬ ಸಿಟ್ಟು ಒಂದು. ಬೆರಳು ಕೊಟ್ಟರೆ ಒಂದು ಗಣಿಯಿಂದ ಹೊರಬಿದ್ದವನಿಗೆ ಇನ್ನೊಂದು ಗಣಿಯ ಬಾಗಿಲೂ ಮುಚ್ಚುತ್ತದೆ ಎಂಬ ಅಂಜಿಕೆ ಇನ್ನೊಂದು. ಬಿಟ್ಟು ಹೋಗುವ, ಮತ್ತೆ ಬರುವ ಹಕ್ಕನ್ನು ಅವರು ಪ್ರಾಣದಂತೆ ಕಾದರು.

ಆಮೇಲೆ ಅವರೇ ಸಂಘ ಕಟ್ಟಿದರು. ಹೋರಾಡಿ ಹೋರಾಡಿ ಇನ್ನೊಂದು ಬಗೆಯ ಖಾಯಂ ಪಡೆದರು. ಅದರಲ್ಲಿ ಪ್ರಾವಿಡೆಂಟ್ ಫಂಡ್ ಇತ್ತು, ಆಸ್ಪತ್ರೆ ಇತ್ತು, ರಜೆಗೆ ಸಂಬಳ ಇತ್ತು. ಈ ಖಾಯಮ್ಮಿನ ಹಗ್ಗ ಆಳಿನ ಕೊರಳಿಗಲ್ಲ, ಮಾಲೀಕನ ಕೈಗೆ. ಆಳು ಬೇಕಾದರೆ ಬಿಡಬಹುದು. ಮಾಲೀಕ ಬೇಕೆಂದಾಗ ಕಿತ್ತು ಹಾಕುವಂತಿಲ್ಲ. ಜೀತವನ್ನು ತಿರುಗಿಸಿ ನಿಲ್ಲಿಸಿದರೆ ಹೇಗಿರುತ್ತದೋ ಹಾಗೆ. ಜಮೀನಿನವರ ಖಾಯಂ ಬೇರೆ, ಸಂಘದ ಖಾಯಂ ಬೇರೆ. ಈ ಭೇದ ಗೊತ್ತಿಲ್ಲದವರು 'ಆಯ್ಕೆ'ಯ ಬಗ್ಗೆ ಮಾತಾಡಬಾರದು.

1956ರಲ್ಲಿ ಗಣಿ ಮೈಸೂರು ಸರ್ಕಾರದ ಕೈಗೆ ಬಂತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ 28ರಂದು ಮುಚ್ಚಿತು. ಆಮೇಲೆ ಆ ಕಾಲೋನಿಗಳ ಮಕ್ಕಳು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರತೊಡಗಿದರು, ಕಾವಲಿಗೆ, ಕಟ್ಟಡಕ್ಕೆ, ಕಾರ್ಖಾನೆಗೆ. ಅಜ್ಜ ಗುತ್ತಿಗೆದಾರನ ಹಿಂದೆ ಬಂದ, ಮೊಮ್ಮಗ ಗುತ್ತಿಗೆದಾರನ ಹಿಂದೆ ಹೋದ. ನಡುವೆ ಖಾಯಂ ಒಂದು ಹಬ್ಬದ ಹಾಗೆ ಬಂದು ಹೋಯಿತು.

4

ಈಗ ಪೊರಕೆಯ ಚರಿತ್ರೆ. ಇಲ್ಲಿ ಎರಡು ಹಗ್ಗವೂ ಒಂದೇ ಕೊರಳಲ್ಲಿವೆ. ಜಾತಿಯಿಂದ ಖಾಯಂ, ಕಾಗದದಲ್ಲಿ ಗುತ್ತಿಗೆ.

ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ನಮ್ಮ ರಾಜ್ಯದಲ್ಲಿ ನಿಷೇಧಿಸಿದವರು ಬಿ. ಬಸವಲಿಂಗಪ್ಪನವರು. ಐ.ಪಿ.ಡಿ. ಸಾಲಪ್ಪನವರ ಸಮಿತಿ 1976ರಲ್ಲಿ ವರದಿ ಕೊಟ್ಟು, 500 ಜನಕ್ಕೆ ಒಬ್ಬ ಪೌರಕಾರ್ಮಿಕ ಇರಬೇಕು ಎಂದಿತು. ಸರ್ಕಾರ ಆಮೇಲೆ ಅದನ್ನು 700ಕ್ಕೆ ಒಬ್ಬ ಎಂದು ಮಾಡಿಕೊಂಡಿತು. ಊರು ಬೆಳೆಯಿತು, ಕಸ ಬೆಳೆಯಿತು, ಹುದ್ದೆ ಬೆಳೆಯಲಿಲ್ಲ. ಹುದ್ದೆಯ ಜಾಗದಲ್ಲಿ ಟೆಂಡರ್ ಬೆಳೆಯಿತು.

1970ರ ಗುತ್ತಿಗೆ ಕಾರ್ಮಿಕರ ಕಾಯಿದೆ ವರ್ಷಪೂರ್ತಿ ನಡೆಯುವ ಕೆಲಸದಲ್ಲಿ ಗುತ್ತಿಗೆಯನ್ನು ನಿಷೇಧಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ಕಸ ಗುಡಿಸೋದು ವರ್ಷಕ್ಕೊಂದು ಸಲ ಬರುವ ಜಾತ್ರೆಯ ಕೆಲಸವೇ? ಆದರೂ ಗುತ್ತಿಗೆ ನಡೆಯಿತು. 2001ರ ಆಗಸ್ಟ್ 30ರಂದು, ಅಂದರೆ ಗಣಿ ಮುಚ್ಚಿದ ಅದೇ ವರ್ಷ, ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಂದು ಮಾತು ಹೇಳಿತು: ಗುತ್ತಿಗೆ ನಿಷೇಧವಾದ ಮಾತ್ರಕ್ಕೆ ಆ ಕಾರ್ಮಿಕರು ತಾವೇ ತಾವಾಗಿ ಖಾಯಂ ಆಗುವುದಿಲ್ಲ. 2006ರಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ, ತಾತ್ಕಾಲಿಕವಾಗಿ ಬಂದವರಿಗೆ ಖಾಯಮ್ಮಿನ ಹಕ್ಕಿಲ್ಲ ಎಂದಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದ ಕೆಲವರಿಗೆ ಮಾತ್ರ ಒಂದು ಸಲದ ಕಿಂಡಿ ಬಿಟ್ಟಿತು. ಹಿಂಬಾಗಿಲಿನಿಂದ ನೇಮಕ ಬೇಡ, ಸಮಾನ ಅವಕಾಶ ಇರಲಿ ಎಂಬುದು ಅದರ ವಾದ. ವಾದ ಸರಿಯಾಗಿ ಕೇಳುತ್ತದೆ. ಆದರೆ ಮುಂಬಾಗಿಲಿಗೆ ಬೀಗ ಹಾಕಿದವರು ಯಾರು?

ಇನ್ನೊಂದು ಗುಟ್ಟೂ ಇದೆ. ಸರ್ಕಾರಿ ಹುದ್ದೆಗೆ ಮೀಸಲಾತಿ ಇದೆ. ಟೆಂಡರಿಗೆ ಹೋದ ಹುದ್ದೆಗೆ ಅದು ಇರಲಿಲ್ಲ. ನಮ್ಮ ಮಕ್ಕಳು ಡಿಗ್ರಿ ಹಿಡಿದು ಬಾಗಿಲಿಗೆ ಬರುವ ಹೊತ್ತಿಗೆ ಬಾಗಿಲೇ ಜಾಗ ಬದಲಾಯಿಸಿತ್ತು. ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕೆಂದು ರಾಜ್ಯ ಸರ್ಕಾರ ಆದೇಶ ಮಾಡಿದ್ದು 2024ರಲ್ಲಿ.

ಇಷ್ಟಾದರೂ ಹೇಳುತ್ತಾರೆ, 'ಅವರಿಗೆ ಗುತ್ತಿಗೆಯೇ ಇಷ್ಟ.' ಇದನ್ನು ಪರೀಕ್ಷೆ ಮಾಡಿದ ದಿನಗಳು ಚರಿತ್ರೆಯಲ್ಲಿವೆ. ಗುತ್ತಿಗೆದಾರರು ಸಂಬಳ ನುಂಗುತ್ತಾರೆಂದು ಪೌರಕಾರ್ಮಿಕರು ವರ್ಷಗಟ್ಟಲೆ ಕೂಗಿದ ಮೇಲೆ 2017ರಲ್ಲಿ ರಾಜ್ಯ ಸರ್ಕಾರ ಗುತ್ತಿಗೆ ತೆಗೆದು ನೇರ ಪಾವತಿಗೆ ಒಪ್ಪಿತು. 2022ರ ಜುಲೈನಲ್ಲಿ ಅವರು ರಾಜ್ಯದ ಉದ್ದಗಲಕ್ಕೂ ಪೊರಕೆ ಕೆಳಗಿಟ್ಟರು. ನಮ್ಮನ್ನು ಖಾಯಂ ಮಾಡಿ, ಅಷ್ಟೇ ಎಂದರು. ಬೀದಿಯಲ್ಲಿ ಕೂತವರಲ್ಲಿ ಹೆಂಗಸರೇ ಹೆಚ್ಚು. 2025ರ ಮೇ 1ರಂದು ಬೆಂಗಳೂರಿನಲ್ಲಿ, ಅಂದಿನ ಬೃಹತ್ ಮಹಾನಗರ ಪಾಲಿಕೆಯ 12,692 ಪೌರಕಾರ್ಮಿಕರಿಗೆ ಖಾಯಂ ನೇಮಕದ ಆದೇಶ ಸಿಕ್ಕಿತು. ಕಸದ ಗಾಡಿ ಓಡಿಸುವವರು, ತುಂಬುವವರು ಆ ಪಟ್ಟಿಯ ಹೊರಗೇ ಉಳಿದರು.

ಗೆಳೆಯರೇ, ಗುತ್ತಿಗೆ 'ಆರಿಸಿಕೊಂಡ' ಜನ ಇವರೇ ಅಲ್ಲವೇ? ಹಗ್ಗ ಮಾಲೀಕನ ಕೈಗೆ ಬೀಳುವಂಥ ಖಾಯಂ ಎದುರಿಗೆ ಬಂದಾಗ ಅವರು ಯಾವುದನ್ನು ಆರಿಸಿದರು?

5

ಈಗ ನಮ್ಮ ಮಾತು. ನಾವು ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವರು. ನಾವೂ ಗುತ್ತಿಗೆಗೆ ರುಜು ಹಾಕಿದವರೇ. ಯಾಕೆ ಹಾಕಿದೆವು ಅಂತ ಸುಳ್ಳು ಹೇಳದೆ ಹೇಳಿಕೊಳ್ಳಬೇಕು.

ಸರ್ಕಾರಿ ಪರೀಕ್ಷೆ ಬರೆದು ಫಲಿತಾಂಶಕ್ಕೆ ಎರಡು ವರ್ಷ ಕಾಯುವುದಕ್ಕೆ ಮನೆಯಲ್ಲಿ ಎರಡು ವರ್ಷದ ರಾಗಿ ಇರಬೇಕು. ಇರಲಿಲ್ಲ. ತಂಗಿಯ ಮದುವೆಯ ಸಾಲಕ್ಕೆ ಸ್ತ್ರೀಶಕ್ತಿ ಸಂಘದವರು ವಾರಕ್ಕೊಮ್ಮೆ ಬರುತ್ತಾರೆ, ನೇಮಕದ ಆದೇಶಕ್ಕೆ ಕಾಯುವುದಿಲ್ಲ. ಒಂದು ಖಾಸಗಿ ಕಡೆ ಖಾಯಂ ಕೆಲಸ ಕೊಡುತ್ತೇವೆಂದು ಮೂಲ ಅಂಕಪಟ್ಟಿ ಕೇಳಿದರು, ಮೂರು ವರ್ಷ ಬಿಡುವಂತಿಲ್ಲ ಎಂದರು. ಅಂಕಪಟ್ಟಿಯನ್ನು ಅಡವಿಡುವಾಗ ನಮಗೆ ತಾತನ ಕೊಟ್ಟಿಗೆ ನೆನಪಾಯಿತು, ಎದ್ದು ಬಂದೆವು. ನಮ್ಮ ಗೆಳೆಯನೊಬ್ಬ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಅತಿಥಿ ಅಂತೆ! ವರ್ಷ ವರ್ಷವೂ ಬರುವ ಅತಿಥಿ, ರಜೆಯ ತಿಂಗಳಲ್ಲಿ ಊಟವಿಲ್ಲದ ಅತಿಥಿ. ಇನ್ನು ಕೆಲವರು ಪ್ರಾವಿಡೆಂಟ್ ಫಂಡಿಗೆ ಹಿಡಿಯುವ ದುಡ್ಡನ್ನು ಕೈಗೇ ಕೊಡಿ ಅನ್ನುತ್ತಾರೆ. ಅವರನ್ನು ದಡ್ಡರು ಅನ್ನಬೇಡಿ. ಅರವತ್ತನೇ ವಯಸ್ಸು ನೋಡಿದವರು ಅವರ ಮನೆಯಲ್ಲಿ ಎಷ್ಟು ಜನ ಅಂತ ಕೇಳಿ.

ಅಂದರೆ, ಗುತ್ತಿಗೆಗೆ ಹೋಗುವವನು ಗುತ್ತಿಗೆಯನ್ನು ಆರಿಸುತ್ತಿಲ್ಲ. ನಾಳಿನ ಊಟಕ್ಕೂ ಮುಂದಿನ ವರ್ಷದ ಭದ್ರತೆಗೂ ನಡುವೆ ನಾಳಿನ ಊಟವನ್ನು ಆರಿಸುತ್ತಿದ್ದಾನೆ. ಊರ ಧಣಿಗೂ ದೂರದ ಗುತ್ತಿಗೆದಾರನಿಗೂ ನಡುವೆ ದೂರವನ್ನು ಆರಿಸುತ್ತಿದ್ದಾನೆ. ತೋಟದ ಮನೆ ಬೇಡವೆಂದ ಹುಡುಗ ಮಾಡಿದ್ದು ಅದನ್ನೇ. ಅವನು ಬೇಡ ಅಂದದ್ದು ಭದ್ರತೆಯನ್ನಲ್ಲ, 'ಬುದ್ಧಿ' ಅನ್ನೋದನ್ನು.

ಕಾನೂನು ಈಗ ಮತ್ತೆ ಮಗ್ಗುಲು ಬದಲಿಸಿದೆ. 1970ರ ಕಾಯಿದೆ ಹೋಗಿದೆ. 2020ರಲ್ಲಿ ಪಾರ್ಲಿಮೆಂಟು ಒಪ್ಪಿದ ಹೊಸ ಕಾರ್ಮಿಕ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಹಳೆಯದು 20 ಗುತ್ತಿಗೆ ಆಳುಗಳಿದ್ದ ಕಡೆಗೆಲ್ಲ ಅನ್ವಯವಾಗುತ್ತಿತ್ತು; ಹೊಸದರಲ್ಲಿ ಆ ಲೆಕ್ಕ 50. ನಲವತ್ತೊಂಬತ್ತು ಜನರನ್ನು ಇಟ್ಟುಕೊಂಡ ಗುತ್ತಿಗೆದಾರ ಆ ಭಾಗದ ಲೆಕ್ಕಕ್ಕೇ ಬರುವುದಿಲ್ಲ. 'ಆಯ್ಕೆ' ಎಂಬ ಮಾತು ಇನ್ನು ಹೆಚ್ಚು ಹೆಚ್ಚು ಕೇಳಿಸುತ್ತದೆ, ತಯಾರಾಗಿರಿ.

ಹಳ್ಳಿಯ ಮೇಷ್ಟ್ರುಗಳಲ್ಲಿ, ಹಾಸ್ಟೆಲಿನ ಗೆಳೆಯರಲ್ಲಿ, ಸಂಘಟನೆಯ ಸಂಗಾತಿಗಳಲ್ಲಿ ನಮ್ಮದೊಂದು ಬೇಡಿಕೆ. ಯಾರಾದರೂ 'ಅವರೇ ಆರಿಸಿಕೊಂಡದ್ದು' ಅಂದಾಗ ಎರಡು ಪ್ರಶ್ನೆ ಕೇಳಿ. ಇವನು ಕೆಲಸ ಬಿಟ್ಟರೆ ಇವನಿಗೇನು ನಷ್ಟ? ಇವನನ್ನು ಬಿಡಿಸಿದರೆ ಮಾಲೀಕನಿಗೇನು ನಷ್ಟ? ಎರಡನೆಯದಕ್ಕೆ 'ಏನೂ ಇಲ್ಲ' ಅನ್ನೋ ಉತ್ತರ ಬಂದರೆ ಅಲ್ಲಿ ಆಯ್ಕೆ ಇಲ್ಲ.

ಮತ್ತೊಂದು ಕೆಲಸವೂ ಇದೆ. ನಿಮ್ಮ ಕೇರಿಯಲ್ಲಿ 1976ರ ಮುಂಚಿನ ಜೀತ ಕಂಡವರು ಇನ್ನೂ ಕೆಲವರು ಉಳಿದಿದ್ದಾರೆ. ಎಷ್ಟು ಸಾಲಕ್ಕೆ, ಎಷ್ಟು ವರ್ಷ, ಬಿಡುಗಡೆಯಾದ ಮಾರನೆ ದಿನ ಏನು ಮಾಡಿದಿರಿ ಅಂತ ಕೇಳಿ ಬರೆದಿಡಿ. ನಮ್ಮ ಕೂಲಿಯ ಚರಿತ್ರೆಯನ್ನು ಬೇರೆಯವರು ಬರೆದರೆ ಅದರಲ್ಲಿ ಮಾಲೀಕರ ದಯೆ ಇರುತ್ತದೆ, ನಮ್ಮ ಲೆಕ್ಕ ಇರುವುದಿಲ್ಲ.

ಇಷ್ಟನ್ನು ಅಜ್ಜಿಗೆ ಓದಿ ಹೇಳಿದೆವು. ಪೂರ್ತಿ ಕೇಳಿ, ಕೊನೆಗೆ ಅವಳು ಕೇಳಿದ್ದು ಒಂದೇ: 'ಅಂಗಾರೆ ಆ ಹುಡುಗುನ್ನ ಯಾವಾಗ್ಲಾ ಖಾಯಂ ಮಾಡ್ತಾರೆ?' ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅದನ್ನು ಅವನ ಕಾರ್ಖಾನೆಯ ಗೇಟಿನ ಮುಂದೆ ನಿಂತು ಕೇಳಬೇಕಾಗಿದೆ, ಒಬ್ಬರೇ ಅಲ್ಲ.